ಫೋನ್ ಕದ್ದಾಲಿಕೆ ಮತ್ತು ನಮ್ಮ ಖಾಸಗಿತನ: ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಪತ್ರಕರ್ತರು, ವಕೀಲರು ಮತ್ತು ಸಂಘಟನೆಗಳ ಕಾರ್ಯಕರ್ತರಿಗೆ ಫೋನ್ ಸುರಕ್ಷತೆಯ ಬಗ್ಗೆ ಹೇಳಿಕೊಡಲು ಹೋದ ಕಡೆಯಲ್ಲೆಲ್ಲ ನನಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ‘ನನ್ನ ಫೋನನ್ನು ಸರ್ಕಾರ ಕದ್ದು ಕೇಳುತ್ತಿದೆಯೇ ಎಂದು ತಿಳಿಯುವುದು ಹೇಗೆ?’ ಕೇಳುವವರಲ್ಲಿ ಅನೇಕರು ಆ ವೇಳೆಗಾಗಲೇ *#21# ಒತ್ತಿ ನೋಡಿ, ಪರದೆಯ ಮೇಲೆ ಬಂದ ಉತ್ತರವನ್ನು ಅರ್ಥಮಾಡಿಕೊಳ್ಳಲಾಗದೆ ಗಾಬರಿಯಾಗಿರುತ್ತಾರೆ. ಆ ಸಂಕೇತ ತಿಳಿಸುವುದು ನಿಮ್ಮ ಕರೆಗಳು ಬೇರೆ ಸಂಖ್ಯೆಗೆ ವರ್ಗವಾಗುತ್ತಿವೆಯೇ ಎಂಬುದನ್ನು ಮಾತ್ರ. ವಂಚಕರು ಒಟಿಪಿ ಕದಿಯಲು ಬಳಸುವ ದಾರಿ ಅದಾದ್ದರಿಂದ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದೇ. ಆದರೆ ಸರ್ಕಾರದ ಆದೇಶದ ಮೇರೆಗೆ ನಡೆಯುವ ಕದ್ದಾಲಿಕೆ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ನಡೆಯುವುದೇ ಇಲ್ಲ. ಅದು ದೂರಸಂಪರ್ಕ ಕಂಪನಿಯ ಜಾಲದೊಳಗೆ ನಡೆಯುತ್ತದೆ. ನಿಮ್ಮ ಮಾತಿನ ಒಂದು ಪ್ರತಿ ಅಲ್ಲಿಂದಲೇ ತನಿಖಾ ಸಂಸ್ಥೆಯ ಕಡೆಗೆ ಹೋಗುತ್ತದೆ. ಫೋನ್ ಬಿಸಿಯಾಗುವುದಿಲ್ಲ, ಟಿಕ್ ಟಿಕ್ ಸದ್ದು ಕೇಳಿಸುವುದಿಲ್ಲ, ಬ್ಯಾಟರಿ ಬೇಗ ಖಾಲಿಯಾಗುವುದಿಲ್ಲ.

ಆದ್ದರಿಂದ ಪ್ರಶ್ನೆಯನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ನನ್ನ ಬಗೆಗಿನ ಯಾವ ಮಾಹಿತಿ ಎಲ್ಲೆಲ್ಲಿ ಕೂಡಿ ಬಿದ್ದಿದೆ, ಅದನ್ನು ಯಾವ ಕಾನೂನಿನಡಿ ಯಾರು ಪಡೆಯಬಹುದು, ಕೂಡಿ ಬೀಳುವುದನ್ನೇ ಕಡಿಮೆ ಮಾಡುವುದು ಹೇಗೆ ಎಂದು ಕೇಳಿಕೊಂಡರೆ ಮಾಡಬೇಕಾದ ಕೆಲಸ ಕಣ್ಣಿಗೆ ಕಾಣತೊಡಗುತ್ತದೆ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲ ಹೆಜ್ಜೆ: ಕಾನೂನು ತಿಳಿದುಕೊಳ್ಳಿ

ಭಾರತದಲ್ಲಿ ಫೋನ್ ಕದ್ದಾಲಿಕೆಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಆಧಾರವಾಗಿದ್ದುದು 1885ರ ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 5(2). ಸಾರ್ವಜನಿಕ ತುರ್ತು ಪರಿಸ್ಥಿತಿ ಇದ್ದಾಗ ಅಥವಾ ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ ಮಾತ್ರ, ಅದೂ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ನಿಗದಿತ ಕಾರಣಗಳಿಗಾಗಿ, ಸಂದೇಶಗಳನ್ನು ತಡೆದು ನೋಡಬಹುದು ಎಂದು ಅದು ಹೇಳುತ್ತಿತ್ತು. ಈ ಅಧಿಕಾರದ ಬಳಕೆಗೆ ಯಾವ ಕಾರ್ಯವಿಧಾನವೂ ಇಲ್ಲದಿದ್ದುದನ್ನು ಪ್ರಶ್ನಿಸಿ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋದಾಗ, ನ್ಯಾಯಾಲಯ 1996ರ ಡಿಸೆಂಬರ್‌ನಲ್ಲಿ ಕೆಲವು ನಿಯಮಗಳನ್ನು ವಿಧಿಸಿತು. ಆದೇಶವನ್ನು ಗೃಹ ಕಾರ್ಯದರ್ಶಿಯೇ ನೀಡಬೇಕು, ಅದಕ್ಕೆ ಅವಧಿಯ ಮಿತಿ ಇರಬೇಕು, ಒಂದು ಸಮಿತಿ ಅದನ್ನು ಪರಿಶೀಲಿಸಬೇಕು ಎಂಬ ಚೌಕಟ್ಟು ಬಂದದ್ದು ಆಗ. ಇಂದು ಟೆಲಿಗ್ರಾಫ್ ಕಾಯ್ದೆಯ ಸ್ಥಾನದಲ್ಲಿ 2023ರ ದೂರಸಂಪರ್ಕ ಕಾಯ್ದೆಯ ಸೆಕ್ಷನ್ 20(2) ಇದೆ. 2024ರ ಡಿಸೆಂಬರ್‌ನಲ್ಲಿ ಹೊರಬಂದ ಹೊಸ ನಿಯಮಗಳಲ್ಲಿಯೂ ಮೂಲ ಚೌಕಟ್ಟು ಹಾಗೆಯೇ ಉಳಿದಿದೆ.

ಅಂದರೆ, ಕರ್ನಾಟಕದ ಪೊಲೀಸರು ನಿಮ್ಮ ಮಾತನ್ನು ಕೇಳಬೇಕಾದರೆ ಒಳಾಡಳಿತ ಇಲಾಖೆಯ ಮುಖ್ಯಸ್ಥರಾದ ಕಾರ್ಯದರ್ಶಿಯ ಆದೇಶ ಬೇಕು. ಒಂದು ಆದೇಶ 60 ದಿನ ಮಾತ್ರ ಜಾರಿಯಲ್ಲಿರುತ್ತದೆ. ನವೀಕರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ತುರ್ತು ಸಂದರ್ಭದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೇ ಶುರುಮಾಡಿಸಬಹುದು, ಆದರೆ ಏಳು ಕೆಲಸದ ದಿನಗಳೊಳಗೆ ಕಾರ್ಯದರ್ಶಿಯ ಒಪ್ಪಿಗೆ ಸಿಗದಿದ್ದರೆ ಅದು ನಿಲ್ಲಬೇಕು. ಮುಖ್ಯ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮಿತಿ ಎರಡು ತಿಂಗಳಿಗೊಮ್ಮೆಯಾದರೂ ಸೇರಿ ಈ ಆದೇಶಗಳನ್ನು ನೋಡಬೇಕು. ಇಂಟರ್ನೆಟ್ ಮತ್ತು ಕಂಪ್ಯೂಟರ್‌ಗಳಲ್ಲಿರುವ ಮಾಹಿತಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69 ಮತ್ತು 2009ರ ನಿಯಮಗಳು ಅನ್ವಯಿಸುತ್ತವೆ. ಇದರ ವ್ಯಾಪ್ತಿ ಇನ್ನೂ ಹಿಗ್ಗಿದೆ: ‘ಯಾವುದೇ ಅಪರಾಧದ ತನಿಖೆ’ ಎಂಬ ಕಾರಣವೂ ಅಲ್ಲಿ ಸಾಕಾಗುತ್ತದೆ. ಕೇಂದ್ರ ಗೃಹ ಸಚಿವಾಲಯ 2018ರ ಡಿಸೆಂಬರ್ 20ರಂದು ಈ ಸೆಕ್ಷನ್ ಅಡಿಯಲ್ಲಿ ಗುಪ್ತಚರ ದಳ, ಸಿಬಿಐ, ಎನ್ಐಎ, ಜಾರಿ ನಿರ್ದೇಶನಾಲಯ ಸೇರಿ ಹತ್ತು ಸಂಸ್ಥೆಗಳನ್ನು ಹೆಸರಿಸಿದೆ.

ಈ ಇಡೀ ವ್ಯವಸ್ಥೆಯಲ್ಲಿ ಎರಡು ದೊಡ್ಡ ಕೊರತೆಗಳಿವೆ, ಅವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದು, ಆದೇಶ ಕೊಡುವವರೂ ಅದನ್ನು ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳೇ ಆಗಿದ್ದು, ಎಲ್ಲಿಯೂ ನ್ಯಾಯಾಧೀಶರ ಸುಳಿವಿಲ್ಲ. ಎರಡು, ಕದ್ದಾಲಿಕೆ ಮುಗಿದ ಮೇಲೂ ಆ ವ್ಯಕ್ತಿಗೆ ವಿಷಯ ತಿಳಿಸಬೇಕೆಂಬ ನಿಯಮವಿಲ್ಲ. ತಿಳಿಯದವರು ಪ್ರಶ್ನಿಸುವುದಾದರೂ ಹೇಗೆ? ದತ್ತಾಂಶ ಸಂರಕ್ಷಣೆಯ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಗಮನಿಸಿದಂತೆ, ಕೇಂದ್ರದ ಪರಿಶೀಲನಾ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ಪರಿಶೀಲಿಸಬೇಕಾದ ಸ್ಥಿತಿ ಇತ್ತು. ಒಂದು ಆದೇಶಕ್ಕೆ ಒಂದೇ ನಿಮಿಷ ಕೊಟ್ಟರೂ 250 ಗಂಟೆ ಬೇಕಾಗುತ್ತದೆ. ಇಂಥ ಪರಿಶೀಲನೆಯನ್ನು ರಕ್ಷಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕರ್ನಾಟಕಕ್ಕಂತೂ ಇದು ದೂರದ ವಿಷಯವಲ್ಲ. ಫೋನ್ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2019ರ ಆಗಸ್ಟ್‌ನಲ್ಲಿ ರಾಜಕಾರಣಿಗಳ ಮತ್ತು ಅಧಿಕಾರಿಗಳ ಫೋನ್ ಕದ್ದಾಲಿಸಲಾಗಿದೆ ಎಂಬ ಆರೋಪವನ್ನು ರಾಜ್ಯ ಸರ್ಕಾರ ಸಿಬಿಐ ತನಿಖೆಗೆ ಒಪ್ಪಿಸಿತು. ಇನ್ನೊಂದು ಕಡೆ, ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳುವಂತೆ ಮಾಡಿದ ಅರ್ಜಿಯೂ ಇಲ್ಲಿನವರದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿ ಅದು. ಸರ್ಕಾರ ಖಾಸಗಿತನದೊಳಗೆ ಕಾಲಿಡಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯಬದ್ಧ ಉದ್ದೇಶ ಇರಬೇಕು, ಹಸ್ತಕ್ಷೇಪ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ನಮಗೆ ಸಿಕ್ಕಿದೆ. ಈ ಮೂರನ್ನೂ ಬಾಯಿಪಾಠ ಮಾಡಿಟ್ಟುಕೊಳ್ಳಿ. ಮುಂದೆ ವಕೀಲರೊಡನೆ ಮಾತಾಡುವಾಗ ಬೇಕಾಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಈ ವಿಷಯದಲ್ಲಿ ಹೆಚ್ಚು ನಿರೀಕ್ಷಿಸಬೇಡಿ. ದೇಶದ ಭದ್ರತೆ, ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಕೇಂದ್ರ ತಾನು ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗಳನ್ನು ಅದರಿಂದ ಹೊರಗಿಡಬಹುದು.

ಎರಡನೆಯ ಹೆಜ್ಜೆ: ಕಾಪಾಡಬೇಕಾದದ್ದು ಏನೆಂದು ಬರೆದುಕೊಳ್ಳಿ

ಆ್ಯಪ್ ಇಳಿಸಿಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು, ಯಾವ ಮಾಹಿತಿ ಹೊರಬಿದ್ದರೆ ಯಾರಿಗೆ ತೊಂದರೆಯಾಗುತ್ತದೆ ಎಂದು ಬರೆಯಿರಿ. ಅಕ್ರಮ ಮರಳು ಸಾಗಣೆಯ ಬಗ್ಗೆ ವರದಿ ಮಾಡುವ ತಾಲ್ಲೂಕು ವರದಿಗಾರರೊಬ್ಬರಿಗೆ ತಾವು ಬರೆಯುವ ಸುದ್ದಿ ಗುಟ್ಟಿನದಲ್ಲ, ನಾಳೆ ಅದು ಅಚ್ಚಾಗುತ್ತದೆ. ಗುಟ್ಟಾಗಿ ಉಳಿಯಬೇಕಾದದ್ದು ಸುದ್ದಿ ಕೊಟ್ಟವರ ಗುರುತು. ವಕೀಲರಿಗೆ ಕಕ್ಷಿದಾರರ ಕಾಗದಪತ್ರಗಳು ಮುಖ್ಯ, ವೈದ್ಯರಿಗೆ ರೋಗಿಗಳ ವಿವರ. ಈ ಹಾಳೆ ಬರೆಯದೆ ಶುರುಮಾಡಿದವರು ಹತ್ತು ಆ್ಯಪ್ ಹಾಕಿಕೊಂಡು, ಕಾಪಾಡಬೇಕಾದ ಒಂದೇ ಒಂದು ವಿಷಯವನ್ನು ಬಯಲಲ್ಲಿ ಬಿಟ್ಟಿರುವುದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಮೂರನೆಯ ಹೆಜ್ಜೆ: ಕರೆ ವಿವರವನ್ನು ಅರ್ಥಮಾಡಿಕೊಳ್ಳಿ

ಎಲ್ಲರೂ ಮಾತು ಕೇಳಿಸಿಕೊಳ್ಳುವುದರ ಬಗ್ಗೆ ಹೆದರುತ್ತಾರೆ. ವಾಸ್ತವದಲ್ಲಿ ಹೆಚ್ಚು ಸಲೀಸಾಗಿ ಸಿಗುವುದು ಸಿಡಿಆರ್, ಅಂದರೆ ಕರೆ ವಿವರಗಳ ದಾಖಲೆ. ಇದಕ್ಕೆ ಗೃಹ ಕಾರ್ಯದರ್ಶಿಯ ಆದೇಶ ಬೇಕಿಲ್ಲ. ಅಪರಾಧ ತನಿಖೆಯ ವಿಧಾನ ಹೇಳುವ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರ ಅಡಿ ಪೊಲೀಸರೇ ಕಂಪನಿಯಿಂದ ತರಿಸಿಕೊಳ್ಳುತ್ತಾರೆ. ಕಂಪನಿಗಳು ಈ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಂಡಿರಬೇಕೆಂದು 2021ರ ಡಿಸೆಂಬರ್‌ನಲ್ಲಿ ಪರವಾನಗಿಯ ಷರತ್ತು ಬದಲಾಯಿತು. ಅದಕ್ಕೆ ಮೊದಲು ಒಂದು ವರ್ಷವಿತ್ತು.

ಅದರ ಒಂದು ಸಾಲನ್ನು ಕಣ್ಣೆದುರಿಗೆ ತಂದುಕೊಳ್ಳಿ. ಕರೆ ಮಾಡಿದ ಸಂಖ್ಯೆ, ಕರೆ ಹೋದ ಸಂಖ್ಯೆ, ದಿನಾಂಕ, ಶುರುವಾದ ಹೊತ್ತು, ಸೆಕೆಂಡುಗಳಲ್ಲಿ ಅವಧಿ, ಕರೆ ಶುರುವಾದಾಗ ಫೋನ್ ಯಾವ ಟವರಿಗೆ ಜೋಡಿಸಿಕೊಂಡಿತ್ತು, ಮುಗಿದಾಗ ಯಾವ ಟವರಿಗೆ, ಜೊತೆಗೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ ಐಎಂಇಐ ಮತ್ತು ಸಿಮ್ಮಿನ ಗುರುತಿನ ಸಂಖ್ಯೆ ಐಎಂಎಸ್ಐ. ಆಡಿದ ಮಾತಿನ ಒಂದು ಅಕ್ಷರವೂ ಅಲ್ಲಿಲ್ಲ. ಆದರೂ, ಗಣಿ ಇಲಾಖೆಯ ಕಚೇರಿಯ ಗುಮಾಸ್ತರೊಬ್ಬರು ರಾತ್ರಿ 11:40ಕ್ಕೆ ವರದಿಗಾರರಿಗೆ 240 ಸೆಕೆಂಡುಗಳ ಕರೆ ಮಾಡಿದರು, ಮರುದಿನ ಬೆಳಗ್ಗೆ ಇಬ್ಬರ ಫೋನೂ ಬಸ್ ನಿಲ್ದಾಣದ ಬಳಿಯ ಒಂದೇ ಟವರಿನ ಕೆಳಗಿತ್ತು, ಮೂರನೆಯ ದಿನ ಸುದ್ದಿ ಅಚ್ಚಾಯಿತು ಎಂದಾದರೆ, ಆ ಗುಮಾಸ್ತರ ಹೆಸರು ಹುಡುಕಲು ಯಾರೂ ಏನನ್ನೂ ಕದ್ದು ಕೇಳಬೇಕಾಗಿಲ್ಲ.

ಇದರಿಂದ ಮಾಡಬೇಕಾದದ್ದು ತಾನಾಗಿಯೇ ಹೊಮ್ಮುತ್ತದೆ. ಸೂಕ್ಷ್ಮವಾದ ಸಂಪರ್ಕಕ್ಕೆ ಸಾಮಾನ್ಯ ಕರೆ ಮತ್ತು ಎಸ್ಸೆಮ್ಮೆಸ್ ಎರಡನ್ನೂ ಬಳಸಬೇಡಿ. ಮೊದಲ ಕರೆಯನ್ನೂ ಮಾಡಬೇಡಿ, ಏಕೆಂದರೆ ನಂತರ ಎಷ್ಟು ಎಚ್ಚರ ವಹಿಸಿದರೂ ಆ ಮೊದಲ ಸಾಲು ಎರಡು ವರ್ಷ ಹಾಗೆಯೇ ಕುಳಿತಿರುತ್ತದೆ. ಸಿಮ್ ಬದಲಿಸಿ ಅದೇ ಫೋನಿಗೆ ಹಾಕುವುದರಿಂದ ಏನೂ ಪ್ರಯೋಜನವಿಲ್ಲ. ಐಎಂಇಐ ಸಂಖ್ಯೆ ಹಳೆಯದನ್ನೂ ಹೊಸದನ್ನೂ ಬೆಸೆದುಬಿಡುತ್ತದೆ. ಬೇರೆಯವರ ಹೆಸರಿನಲ್ಲಿ ಸಿಮ್ ಪಡೆಯುವುದು ಅಪರಾಧ, ಆ ಯೋಚನೆಯೇ ಬೇಡ. ಮುಖಾಮುಖಿ ಭೇಟಿಗೆ ಹೋಗುವಾಗ ಫೋನನ್ನು ಮನೆಯಲ್ಲಿ ಚಾಲೂ ಇಟ್ಟೇ ಹೋಗಿ. ದಾರಿಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಫೋನ್ ಆರಿಸಿದರೆ ಅದೇ ಒಂದು ಸುಳಿವಾಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ವರದಿ ಮಾಡಿ; ಯಾರೋ ಬಳಸಿದ ಸಿಮ್ಮಿಗೆ ನೀವು ಉತ್ತರ ಕೊಡುವಂತಾಗಬಾರದು.

ನಾಲ್ಕನೆಯ ಹೆಜ್ಜೆ: ಸಂದೇಶಗಳಿಗೆ ಬೀಗ, ಬ್ಯಾಕಪ್ಪಿಗೂ ಬೀಗ

ಸಿಗ್ನಲ್ ಮತ್ತು ವಾಟ್ಸಾಪ್ ಎರಡರಲ್ಲೂ ಸಂದೇಶ ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ಗೂಢಲಿಪಿಯಲ್ಲೇ ಸಾಗುತ್ತದೆ, ನಡುವಿನ ಕಂಪನಿ ಓದಲಾರದು. ಟೆಲಿಗ್ರಾಂ ಹಾಗಲ್ಲ: ಅದರ ಮಾಮೂಲಿ ಚಾಟ್‌ಗಳೂ ಗುಂಪುಗಳೂ ಕಂಪನಿಯ ಸರ್ವರಿನಲ್ಲಿ ಕಂಪನಿಯೇ ತೆರೆಯಬಲ್ಲ ರೂಪದಲ್ಲಿರುತ್ತವೆ, ‘ಸೀಕ್ರೆಟ್ ಚಾಟ್’ ಎಂದು ಬೇರೆಯಾಗಿ ಶುರುಮಾಡಿದ ಇಬ್ಬರ ಮಾತುಕತೆಗೆ ಮಾತ್ರ ಆ ರಕ್ಷಣೆ ಇದೆ. ಸಿಗ್ನಲ್ಲಿಗೂ ವಾಟ್ಸಾಪಿಗೂ ಇರುವ ಮುಖ್ಯ ವ್ಯತ್ಯಾಸ ಎಂದರೆ ಕೂಡಿಡುವ ಇತರ ಮಾಹಿತಿ. ಅಮೆರಿಕದ ನ್ಯಾಯಾಲಯಗಳಿಂದ ಬಂದ ಆದೇಶಗಳಿಗೆ ಸಿಗ್ನಲ್ ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಗೊಂಡ ದಿನ, ಇವೆರಡನ್ನೇ. ವಾಟ್ಸಾಪ್ ಬಳಿ ನಿಮ್ಮ ಸಂಪರ್ಕಗಳು, ಗುಂಪುಗಳು, ಐಪಿ ವಿಳಾಸ ಇತ್ಯಾದಿಗಳ ಬಗ್ಗೆ ಹೆಚ್ಚು ವಿವರ ಉಳಿಯುತ್ತದೆ. ಹೀಗಾಗಿ ಸೂಕ್ಷ್ಮ ವಿಷಯಕ್ಕೆ ಸಿಗ್ನಲ್, ದಿನಬಳಕೆಗೆ ಬಿಗಿಮಾಡಿದ ವಾಟ್ಸಾಪ್ ಎಂಬುದು ನನ್ನ ಸಲಹೆ.

ಬಿಗಿಮಾಡುವುದು ಎಂದರೆ ಹೀಗೆ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್ ತೆರೆಯಿರಿ. ನಿಮ್ಮ ಚಾಟ್‌ಗಳ ಪ್ರತಿ ಗೂಗಲ್ ಅಥವಾ ಐಕ್ಲೌಡ್ ಖಾತೆಗೆ ಹೋಗುತ್ತಿದ್ದು, ‘ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್’ ಆಫ್ ಎಂದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ನಾನು ನೋಡಿದ ಫೋನುಗಳಲ್ಲಿ ಬಹುಪಾಲು ಹೀಗೆಯೇ ಇದ್ದವು. ಅದನ್ನು ಆನ್ ಮಾಡಿ, ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಕಾಗದದ ಮೇಲೆ ಬರೆದು ಮನೆಯ ಬೀರುವಿನಲ್ಲಿಡಿ. ಮರೆತರೆ ಕಂಪನಿಯೂ ತೆರೆದುಕೊಡಲಾರದು. ಬ್ಯಾಕಪ್ ಬೇಕೇ ಇಲ್ಲವೆನಿಸಿದರೆ ನಿಲ್ಲಿಸಿ, ಹಳೆಯ ಪ್ರತಿಯನ್ನು ಅಳಿಸಿ. ಬಳಿಕ ‘ಲಿಂಕ್ಡ್ ಡಿವೈಸಸ್’ ನೋಡಿ. ಎಂದೋ ಸೈಬರ್ ಕೆಫೆಯಲ್ಲೋ ಹಳೆಯ ಕಚೇರಿಯಲ್ಲೋ ಜೋಡಿಸಿದ್ದ ಕಂಪ್ಯೂಟರ್ ಅಲ್ಲಿ ಇನ್ನೂ ಕಾಣಿಸಿದರೆ ತಕ್ಷಣ ಲಾಗ್ ಔಟ್ ಮಾಡಿ. ಎರಡು ಹಂತದ ಪಿನ್ ಹಾಕಿ. ತಾನಾಗಿ ಅಳಿಯುವ ಸಂದೇಶಗಳ ಅವಧಿಯನ್ನು ನಿಗದಿಪಡಿಸಿ; ವಾಟ್ಸಾಪ್‌ನಲ್ಲಿ 24 ಗಂಟೆ, 7 ದಿನ ಮತ್ತು 90 ದಿನಗಳ ಆಯ್ಕೆ ಇದೆ. ಎದುರಿನವರು ಸ್ಕ್ರೀನ್‌ಶಾಟ್ ತೆಗೆದರೆ ಇದು ತಡೆಯಲಾರದು, ಆದರೆ ಐದು ವರ್ಷದ ಮಾತು ಒಂದೇ ಫೋನಿನಲ್ಲಿ ಕೂಡಿ ಬೀಳುವುದಂತೂ ತಪ್ಪುತ್ತದೆ.

ಇನ್ನೊಂದು ಕೆಲಸವನ್ನು ಬಹುತೇಕ ಯಾರೂ ಮಾಡುವುದಿಲ್ಲ: ಎದುರಿನವರ ಭದ್ರತಾ ಸಂಖ್ಯೆಯನ್ನು ತಾಳೆ ನೋಡುವುದು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನಿಗೆ ಇದನ್ನು ತೋರಿಸಿದೆ. ಅವಳ ಹೆಸರನ್ನು ಒತ್ತಿ ‘ಎನ್‌ಕ್ರಿಪ್ಶನ್’ ತೆರೆದಾಗ ಐದೈದು ಅಂಕಿಗಳ ಹನ್ನೆರಡು ಗುಂಪು ಬಂತು. ಕನ್ನಡಕ ಹಾಕಿಕೊಂಡು ಅಕ್ಕ ಒಂದೊಂದೇ ಗುಂಪನ್ನು ಓದಿದಳು, ನಾನು ನನ್ನ ಪರದೆಯ ಮೇಲೆ ಬೆರಳಿಟ್ಟು ನೋಡುತ್ತಾ ಹೋದೆ. ಅರವತ್ತೂ ಅಂಕಿ ಹೊಂದಿದವು. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಎರಡೇ ಕ್ಷಣದ ಕೆಲಸ. ಆ ಸಂಖ್ಯೆ ಹೊಂದಿದರೆ ನಡುವೆ ಯಾರೂ ಬೇರೆ ಕೀಲಿ ತೂರಿಸಿಲ್ಲ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಸೂಚನೆಗಳನ್ನೂ ಚಾಲೂ ಮಾಡಿಕೊಂಡರೆ ಮುಂದೆ ಸಂಖ್ಯೆ ಬದಲಾದಾಗ ತಿಳಿಯುತ್ತದೆ. ಹೊಸ ಫೋನ್ ಕೊಂಡಾಗಲೂ ಅದು ಬದಲಾಗುವುದುಂಟು, ಗಾಬರಿಯಾಗದೆ ಮತ್ತೊಮ್ಮೆ ತಾಳೆ ನೋಡಿ.

ಐದನೆಯ ಹೆಜ್ಜೆ: ಫೋನನ್ನೇ ಗಟ್ಟಿಮಾಡಿ

ಫೋನಿನೊಳಗೇ ಬೇಹುತಂತ್ರಾಂಶ ಕೂತರೆ ಮೇಲಿನ ಯಾವ ಬೀಗವೂ ನಿಲ್ಲುವುದಿಲ್ಲ, ಏಕೆಂದರೆ ಅದು ನಿಮ್ಮ ಕಣ್ಣು ಓದುವುದನ್ನೇ ಓದುತ್ತದೆ. 2021ರ ಜುಲೈನಲ್ಲಿ ಪೆಗಾಸಸ್ ಎಂಬ ಬೇಹುತಂತ್ರಾಂಶದ ಸುದ್ದಿ ಹೊರಬಿದ್ದ ಮೇಲೆ ಸುಪ್ರೀಂ ಕೋರ್ಟ್, ಕರ್ನಾಟಕ ಹೈಕೋರ್ಟಿನಲ್ಲಿ ಸೇವೆ ಸಲ್ಲಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿ ನೇಮಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ, ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದಲ್ಲಿ ತಿಳಿಸಲಾಯಿತು.

ಇಂಥ ದುಬಾರಿ ಅಸ್ತ್ರವನ್ನು ಎಲ್ಲರ ಮೇಲೂ ಬಳಸುವುದಿಲ್ಲ. ಆದರೂ ಕೆಲವು ಅಭ್ಯಾಸಗಳು ಎಲ್ಲರಿಗೂ ಒಳ್ಳೆಯವು. ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಿ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಫೋನಿನಲ್ಲಿ ಸೂಕ್ಷ್ಮ ಕೆಲಸ ಮಾಡಬೇಡಿ. ದಿನಕ್ಕೊಮ್ಮೆ ಫೋನ್ ಆರಿಸಿ ಹೊತ್ತಿಸಿ, ಕೆಲವು ಬೇಹುತಂತ್ರಾಂಶಗಳು ಅಷ್ಟಕ್ಕೇ ಕಳಚಿಹೋಗುತ್ತವೆ. ನಾಲ್ಕಂಕಿಯ ಪಿನ್ ಬದಲು ಅಕ್ಷರಗಳೂ ಅಂಕಿಗಳೂ ಸೇರಿದ ಪಾಸ್‌ವರ್ಡ್ ಇಡಿ. ಆಂಡ್ರಾಯ್ಡ್‌ನಲ್ಲಿ 2ಜಿ ನಿಲ್ಲಿಸುವ ಆಯ್ಕೆ ಇದ್ದರೆ ನಿಲ್ಲಿಸಿ, ಏಕೆಂದರೆ ನಕಲಿ ಟವರುಗಳು ಫೋನನ್ನು ದುರ್ಬಲವಾದ ಆ ಹಳೆಯ ಜಾಲಕ್ಕೇ ಇಳಿಸಲು ನೋಡುತ್ತವೆ. ಹೆಚ್ಚಿನ ಅಪಾಯವಿರುವವರು ಐಫೋನಿನ ‘ಲಾಕ್‌ಡೌನ್ ಮೋಡ್’ ಅಥವಾ ಆಂಡ್ರಾಯ್ಡ್ 16ರ ‘ಅಡ್ವಾನ್ಸ್ಡ್ ಪ್ರೊಟೆಕ್ಷನ್’ ಚಾಲೂ ಮಾಡಬೇಕು. ಕೆಲವು ಸೌಲಭ್ಯ ಕಡಿಮೆಯಾಗುತ್ತದೆ, ಆ ಬೆಲೆ ತೆರಬಹುದಾದದ್ದೇ. 2023ರ ಅಕ್ಟೋಬರ್‌ನಲ್ಲಿ ಹಲವು ವಿರೋಧ ಪಕ್ಷದ ನಾಯಕರಿಗೆ ಬಂದಂಥ ಎಚ್ಚರಿಕೆ ಆಪಲ್ಲಿನಿಂದ ನಿಮಗೂ ಬಂದರೆ, ಸಂದೇಶದಲ್ಲಿನ ಯಾವ ಕೊಂಡಿಯನ್ನೂ ಒತ್ತದೆ, ನೀವೇ ಆಪಲ್ ಖಾತೆಯ ತಾಣಕ್ಕೆ ಲಾಗಿನ್ ಆಗಿ ನೋಡಿ. ನಿಜವಾದ ಎಚ್ಚರಿಕೆ ಪುಟದ ಮೇಲ್ಭಾಗದಲ್ಲಿ ಕಾಣುತ್ತದೆ.

ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಕಂಪನಿಯ ಸರ್ವರಿನ ಮೂಲಕ ಹಾಯಿಸುವ ವಿಪಿಎನ್ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಅದು ನಿಮ್ಮ ಮೇಲಿನ ಕಣ್ಣನ್ನು ಇಂಟರ್ನೆಟ್ ಕಂಪನಿಯಿಂದ ವಿಪಿಎನ್ ಕಂಪನಿಗೆ ವರ್ಗಾಯಿಸುತ್ತದೆ, ಅಷ್ಟೆ. ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿದ ಮೇಲೆ ಹೆಸರಾಂತ ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನು ತೆಗೆದವು. ಉಚಿತ ವಿಪಿಎನ್ ಬಳಸಬೇಡಿ.

ಆರನೆಯ ಹೆಜ್ಜೆ: ಫೋನ್ ಕೊಡಿ ಎಂದಾಗ

ಪೊಲೀಸರು ಫೋನ್ ಕೇಳಿದರೆ ಮೊದಲು ವಕೀಲರಿಗೆ ವಿಷಯ ತಿಳಿಸಿ, ಯಾವ ಪ್ರಕರಣ, ಯಾವ ಸೆಕ್ಷನ್ ಎಂದು ಬರಹದಲ್ಲಿ ಕೇಳಿ. ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105 ಹೇಳುತ್ತದೆ. ಮಹಜರಿನ ಪ್ರತಿ ಪಡೆಯಿರಿ. ಅದರಲ್ಲಿ ಫೋನಿನ ಐಎಂಇಐ ಸಂಖ್ಯೆ, ಮೊಹರು ಮಾಡಿದ ಸಮಯ, ಪ್ರತಿ ತೆಗೆದಿದ್ದರೆ ಅದರ ಹ್ಯಾಶ್ ಮೌಲ್ಯ ಇವೆಯೇ ನೋಡಿ. ಹ್ಯಾಶ್ ಎನ್ನುವುದು ದತ್ತಾಂಶದ ಬೆರಳಚ್ಚಿನಂತೆ, ಒಳಗೆ ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಪಾಸ್‌ವರ್ಡ್ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ನೀಡಿದ ತೀರ್ಪು ಮುಖ್ಯ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡುವುದು ಬಿಡುವುದು ಆರೋಪಿಗೆ ಸೇರಿದ್ದು, ಕೊಡದಿದ್ದರೆ ಅಧಿಕಾರಿ ನ್ಯಾಯಾಲಯಕ್ಕೆ ಹೋಗಬೇಕು ಎಂದ ನ್ಯಾಯಾಲಯ, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಹೇಳಿತು. ದೆಹಲಿಯ ವಿಶೇಷ ಸಿಬಿಐ ನ್ಯಾಯಾಲಯ 2022ರಲ್ಲಿ ಇದಕ್ಕೆ ಭಿನ್ನವಾದ ನಿಲುವು ತಳೆಯಿತು. ಆದ್ದರಿಂದ ಈ ಒಂದು ನಿರ್ಧಾರವನ್ನು ವಕೀಲರನ್ನು ಕೇಳದೆ ಮಾಡಬೇಡಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ನೋಟಿಸ್ ಬಂದ ಮೇಲೆ, ತನಿಖೆ ಇದೆಯೆಂದು ತಿಳಿದ ಮೇಲೆ, ಯಾವುದನ್ನೂ ಅಳಿಸಬೇಡಿ. ಸಾಕ್ಷ್ಯವಾಗಬಹುದಾದ ದಾಖಲೆಯನ್ನು ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 241ರ ಅಡಿ ಅಪರಾಧ. ಕೂಡಿಡದಿರುವ ಅಭ್ಯಾಸ ಶಾಂತವಾದ ದಿನಗಳಲ್ಲೇ ಇರಬೇಕು.

ಏಳನೆಯ ಹೆಜ್ಜೆ: ಪ್ರಶ್ನಿಸಿ

ನಿಮ್ಮ ಮೇಲಿನ ಪ್ರಕರಣದಲ್ಲಿ ಕದ್ದಾಲಿಸಿದ ಕರೆಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಿದರೆ, ಮೂಲ ಆದೇಶದ ಪ್ರತಿಯನ್ನು ವಕೀಲರ ಮೂಲಕ ಕೇಳಿ ಪಡೆಯಿರಿ. ಯಾರ ಸಹಿ, ಯಾವ ಕಾರಣ, ಎಷ್ಟು ದಿನ, ಪರಿಶೀಲನಾ ಸಮಿತಿಯ ಮುಂದೆ ಹೋಗಿತ್ತೇ ಎಂಬ ನಾಲ್ಕನ್ನೂ ನೋಡಿ. ಲಂಚದ ಆರೋಪದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಇಂಥ ಆದೇಶಗಳನ್ನು ರದ್ದುಪಡಿಸಿ ಧ್ವನಿಮುದ್ರಣಗಳನ್ನು ನಾಶಮಾಡಲು ಹೇಳಿತು. ಸಾರ್ವಜನಿಕ ಸುರಕ್ಷತೆಯ ಕಾರಣವೇ ಅಲ್ಲಿರಲಿಲ್ಲ ಎಂಬುದು ಅದರ ಆಧಾರ. ಮದ್ರಾಸ್ ಹೈಕೋರ್ಟ್ 2025ರ ಜುಲೈನಲ್ಲಿ ಅದೇ ದಾರಿ ಹಿಡಿಯಿತು. ಆದೇಶವೇ ಇಲ್ಲದೆ ಯಾರಾದರೂ ಕದ್ದಾಲಿಸಿದ್ದರೆ, ದೂರಸಂಪರ್ಕ ಕಾಯ್ದೆಯ ಸೆಕ್ಷನ್ 42 ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

ಪ್ರಕರಣವೇನೂ ಇಲ್ಲದವರೂ ಒಂದು ಕೆಲಸ ಮಾಡಬಹುದು. ‘ನನ್ನ ಫೋನ್ ಕದ್ದಾಲಿಸುತ್ತಿದ್ದೀರಾ’ ಎಂದು ಮಾಹಿತಿ ಹಕ್ಕಿನಡಿ ಕೇಳಿದರೆ ಕೆಲವು ಮಾಹಿತಿಗೆ ವಿನಾಯಿತಿ ಕೊಡುವ ಸೆಕ್ಷನ್ 8ನ್ನು ತೋರಿಸಿ ನಿರಾಕರಿಸುತ್ತಾರೆ. ಅದರ ಬದಲು ಅಂಕಿಗಳನ್ನು ಕೇಳಿ: ಕಳೆದ ಮೂರು ವರ್ಷಗಳಲ್ಲಿ ಒಳಾಡಳಿತ ಇಲಾಖೆ ಹೊರಡಿಸಿದ ಆದೇಶಗಳೆಷ್ಟು, ಪರಿಶೀಲನಾ ಸಮಿತಿ ಎಷ್ಟು ಬಾರಿ, ಯಾವ ಯಾವ ದಿನ ಸೇರಿತು, ಎಷ್ಟು ಆದೇಶಗಳನ್ನು ತಳ್ಳಿಹಾಕಿತು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ. ವಿಧಾನಸೌಧದ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಯೂ ಸಿಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಿ.